ಪೆನ್ನು ಕಡೆಯಲು ಬರುವ ಹೊಸಬರಿಗೆ ಪಾಠ ತಯಾರಿಸುವುದು ಹೇಗೆ? ನಮ್ಮ ಕಡೆಯ ಹವ್ಯಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಲೇತ್ (ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಮೇಲೆ ಮರದ ಪೆನ್ನು ಕಡೆಯುವುದನ್ನು ಕಲಿಯಲು ಇಂಗ್ಲಿಷಿನಲ್ಲಿ ಬೇಕಾದಷ್ಟು ವಿಡಿಯೊಗಳಿವೆ. ಆದರೆ ಅವರು ಹೇಳುವ ಮೇಪಲ್, ವಾಲ್‌ನಟ್ ಮರ ಗುಬ್ಬಿಯ ಸಾಮಿಲ್‌ನಲ್ಲಿ ಸಿಗಲ್ಲ. ಅವರು ಕೇಳುವ ಅಂಟು ತಿಪಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಹೆಸರಲ್ಲಿ ಕೂತಿರುತ್ತದೆ. ಕೆಲವರಂತೂ ಜಿಂಕೆ ಕೊಂಬಿನಿಂದ ಪೆನ್ನು ಮಾಡಿ ತೋರಿಸುತ್ತಾರೆ. ಇಲ್ಲಿ ಅದನ್ನು ಮಾಡಿದರೆ ಅರಣ್ಯ ಇಲಾಖೆಯವರು ಮನೆಗೇ ಬರುತ್ತಾರೆ. ಹಾಗಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹವ್ಯಾಸಿಗಳು ತಮ್ಮ ಹೊಸಬರಿಗೆ ಬೇಕಾದ ಪಾಠವನ್ನು ತಾವೇ ಬರೆದುಕೊಳ್ಳಬೇಕು.

ನಿಮಗೆ ಪೆನ್ನು ಕಡೆಯಲು ಬರುತ್ತದೆ, ಗುಂಪಿಗೆ ಹೊಸಬರು ಸೇರುತ್ತಿದ್ದಾರೆ, ಅವರು ಕೇಳಿದ್ದನ್ನೇ ಕೇಳುತ್ತಿದ್ದಾರೆ. ಈ ಬರಹ ಅಂಥ ನಿಮಗಾಗಿ. ನನ್ನ ಮಟ್ಟಿಗೆ ಹೊಸಬರ ಪಾಠದ ಗುರಿ ಒಂದೇ. ಓದಿದವರು ಒಂದು ಪೆನ್ನನ್ನು ಪೂರ್ತಿ ಮುಗಿಸಿ ಅದರಲ್ಲಿ ತಮ್ಮ ಹೆಸರು ಬರೆಯಬೇಕು. ಉಳಿಗಳಲ್ಲಿ ಎಷ್ಟು ವಿಧ, ಲೇತ್‌ಗಳಲ್ಲಿ ಯಾವುದು ಉತ್ತಮ, ಎಬೊನೈಟ್ (ಗಟ್ಟಿ ರಬ್ಬರ್) ಒಳ್ಳೆಯದಾ ಅಕ್ರಿಲಿಕ್ (ಪ್ಲಾಸ್ಟಿಕ್) ಒಳ್ಳೆಯದಾ ಅನ್ನುವುದೆಲ್ಲ ಎರಡನೇ ಪೆನ್ನಿನ ಮಾತು.

ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದು ಮೊದಲು

ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಕೆಜಿಎಫ್‌ನಲ್ಲಿ ಬಿಇಎಂಎಲ್ ಇದೆ. ವಸಂತನರಸಾಪುರ, ನರಸಾಪುರ, ವೇಮಗಲ್, ಮಾಲೂರು ಕಡೆ ಕೈಗಾರಿಕಾ ಪ್ರದೇಶಗಳಿವೆ. ಹೀಗಾಗಿ ನಮ್ಮಲ್ಲಿ ಐಟಿಐನಲ್ಲಿ ಟರ್ನರ್ ಕಲಿತವರಿಗೆ, ಲೇತ್ ಮುಂದೆ ನಿಂತು ನಿವೃತ್ತರಾದವರಿಗೆ ಬರವಿಲ್ಲ. ಇವರಿಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಲಕರಣೆ) ಹಿಡಿಯುವುದನ್ನು ಹೇಳಿಕೊಡುವುದು ಬೇಡ. ಆದರೆ ಕಬ್ಬಿಣದ ಲೇತ್‌ನಲ್ಲಿ ಟೂಲ್ ಬಿಗಿಯಾಗಿ ಕೂತಿರುತ್ತದೆ. ಮರದ ಲೇತ್‌ನಲ್ಲಿ ಉಳಿ ನಮ್ಮ ಕೈಯಲ್ಲೇ ಇರಬೇಕು. ಅದು ಅವರಿಗೆ ಕಸಿವಿಸಿ. ವೇಗವೂ ಅಷ್ಟೆ, ನಿಮಿಷಕ್ಕೆ 2000 ಸುತ್ತು ಅಂದರೆ ಹುಬ್ಬೇರಿಸುತ್ತಾರೆ.

ಎರಡನೆಯವರು ಬಡಗಿಗಳು, ಅದರಲ್ಲೂ ಮಂಚದ ಕಾಲು, ಲಟ್ಟಣಿಗೆ ಕಡೆಯುವವರು. ಉಳಿ ಇವರ ಕೈಯಲ್ಲಿ ಸಲೀಸಾಗಿ ಆಡುತ್ತದೆ. ಮರದ ಎಳೆ ಯಾವ ಕಡೆ ಓಡುತ್ತಿದೆ ಅಂತ ನೋಡಿದ ತಕ್ಷಣ ಹೇಳುತ್ತಾರೆ. ಆದರೆ ಮಂಚದ ಕಾಲಿಗೆ ಒಂದು ಮಿಲಿಮೀಟರ್ ಆಚೀಚೆಯಾದರೆ ಯಾರೂ ಕೇಳಲ್ಲ. ಪೆನ್ನಿನಲ್ಲಿ ಅಷ್ಟು ವ್ಯತ್ಯಾಸವಾದರೆ ಕ್ಲಿಪ್ ಹತ್ತಿರ ಬೆರಳಿಗೆ ಮೆಟ್ಟಿಲು ತಾಗುತ್ತದೆ.

ಮೂರನೆಯವರು ಇವೆರಡೂ ಗೊತ್ತಿಲ್ಲದವರು. ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಕೈಗೆ ಕೆಲಸ ಹುಡುಕುವ ಅಮ್ಮಂದಿರು. ಮುಖ್ಯ ಪಾಠವನ್ನು ಈ ಮೂರನೆಯವರಿಗೆ ಬರೆಯಿರಿ. ಮೊದಲ ಇಬ್ಬರಿಗೆ ಒಂದೊಂದು ಪುಟ ಸಾಕು. ‘ನಿಮಗೆ ಇದು ಗೊತ್ತು, ಇದನ್ನು ಬಿಟ್ಟು ಮುಂದೆ ಹೋಗಿ, ಇಲ್ಲಿ ಮಾತ್ರ ಹುಷಾರು’ ಅಂತ ಹೇಳುವ ಪುಟ. ಎಲ್ಲರಿಗೂ ಒಂದೇ ಪಾಠ ಅಂತ ಹೊರಟರೆ ಟರ್ನರ್‌ಗೆ ಬೇಜಾರು, ಮೇಷ್ಟ್ರಿಗೆ ಗಾಬರಿ.

ಮೊದಲ ಪೆನ್ನು ಯಾವುದು ಅಂತ ನೀವೇ ತೀರ್ಮಾನಿಸಿ

ಆಯ್ಕೆಯನ್ನು ಹೊಸಬರಿಗೆ ಬಿಡಬೇಡಿ. ಹತ್ತು ಕಿಟ್ (ಮರ ಬಿಟ್ಟು ಪೆನ್ನಿನ ಉಳಿದ ಭಾಗಗಳ ಪೊಟ್ಟಣ) ತೋರಿಸಿದರೆ ಅವರು ಫೌಂಟನ್ ಪೆನ್ನನ್ನೇ ಆರಿಸುತ್ತಾರೆ. ಅದಕ್ಕೆ ಬೇರೆ ಬೇರೆ ಅಳತೆಯ ತೂತು ಬೇಕಾಗುತ್ತದೆ, ಕಿಟ್ ದುಬಾರಿ, ಹಾಳಾದರೆ ಹವ್ಯಾಸವೇ ಬೇಡ ಅನಿಸುತ್ತದೆ.

ನಾನು ಸ್ಲಿಮ್‌ಲೈನ್ ಅನ್ನುವ ತಿರುಗಿಸುವ ಬಾಲ್‌ಪೆನ್ ಕಿಟ್ಟಿನಿಂದಲೇ ಶುರು ಮಾಡಿ ಅನ್ನುತ್ತೇನೆ. ಎರಡು ಹಿತ್ತಾಳೆ ಕೊಳವೆ, ಎರಡಕ್ಕೂ ಮರದಲ್ಲಿ 7 ಮಿ.ಮೀ. ತೂತು. 7 ಮಿ.ಮೀ. ಡ್ರಿಲ್ ಬಿಟ್ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವ ಅಳತೆ. ಒಂದೇ ಕೊಳವೆಯ ಸಿಯೆರಾ ಥರದ ಕಿಟ್ ಕಟ್ಟುವುದಕ್ಕೆ ಇನ್ನೂ ಸುಲಭ. ಆದರೆ ಅದಕ್ಕೆ 27/64 ಇಂಚಿನ ಬಿಟ್ ಬೇಕು. ಅದನ್ನು ಕಿಟ್ಟಿನ ಜೊತೆಗೇ ತರಿಸಬೇಕು.

ಸ್ಲಿಮ್‌ಲೈನ್‌ಗೆ ಒಂದು ತಾಪತ್ರಯವಿದೆ, ಪಾಠದಲ್ಲಿ ಅದನ್ನು ಮುಚ್ಚಿಡಬೇಡಿ. ಅದು ಕೇಳುವುದು ಕ್ರಾಸ್ ಮಾದರಿಯ ಸಣ್ಣ ರೀಫಿಲ್. ಪಾರ್ಕರ್ ಮಾದರಿಯ ರೀಫಿಲ್ ಸಿಕ್ಕಷ್ಟು ಸಲೀಸಾಗಿ ತಾಲ್ಲೂಕಿನ ಸ್ಟೇಷನರಿ ಅಂಗಡಿಯಲ್ಲಿ ಇದು ಸಿಗಲ್ಲ. ಕಿಟ್ ತರಿಸುವಾಗಲೇ ಎರಡು ರೀಫಿಲ್ ಜಾಸ್ತಿ ತರಿಸಿಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಮಾಡಿದ ಪೆನ್ನಿನ ಶಾಯಿ ಮುಗಿದು ಅದು ಡ್ರಾಯರಿನಲ್ಲಿ ಬಿದ್ದಿದ್ದರೆ ಏನು ಚೆಂದ?

ಸುರಕ್ಷತೆಯ ಪುಟ ಒಂದೇ ಇರಲಿ, ಆದರೆ ಮೊದಲಿಗಿರಲಿ

ಇಲ್ಲಿ ಹೊರಗಿನ ಪಾಠದ ಅನುವಾದ ಕೆಲಸಕ್ಕೆ ಬರಲ್ಲ. ಅವರು ಟೈ, ಉದ್ದ ತೋಳಿನ ಸ್ವೆಟರ್ ಬಗ್ಗೆ ಹೇಳುತ್ತಾರೆ. ನಾವು ಹೇಳಬೇಕಾದ್ದು ಪಂಚೆ, ಸೀರೆ ಸೆರಗು, ವೇಲ್, ಕುತ್ತಿಗೆಯ ಸರ, ಬಿಟ್ಟ ಜಡೆ, ಮತ್ತೆ ಮಣಿಕಟ್ಟಿಗೆ ಕಟ್ಟಿದ ದೇವರ ದಾರ. ದಾರವನ್ನು ಬಿಚ್ಚಲು ಒಪ್ಪದವರಿಗೆ ಅದರ ಮೇಲೆ ಬಿಗಿಯಾದ ತೋಳಿನ ಅಂಗಿ ತೊಡಲು ಹೇಳಿ, ಜಗಳ ಬೇಡ. ಉಂಗುರ ಮಾತ್ರ ತೆಗೆಯಲೇಬೇಕು. ಕೈಗವಸು ಹಾಕಬಾರದು. ತಿರುಗುವ ಯಂತ್ರಕ್ಕೆ ಗವಸು ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಮುಖ ಪೂರ್ತಿ ಮುಚ್ಚುವ ಪಾರದರ್ಶಕ ಗುರಾಣಿ ಬೇಕೇ ಬೇಕು, ಕನ್ನಡಕ ಸಾಲದು. ಧೂಳಿಗೆ ಎನ್95 ಮಾಸ್ಕ್. ಬೀಟೆಯ ಧೂಳು ಕೆಲವರಿಗೆ ಮೈಮೇಲೆ ಗಂಧೆ ಎಬ್ಬಿಸುತ್ತದೆ.

ಇನ್ನೊಂದು ಮಾತನ್ನು ಬಿಡಲೇಬೇಡಿ. ಫೆವಿಕ್ವಿಕ್ ಥರದ ಅಂಟು ಹತ್ತಿ ಬಟ್ಟೆಗೆ ತಾಗಿದರೆ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ಅದನ್ನು ಒರೆಸಲು ಹಳೇ ಪಂಚೆ ತುಂಡು ಬೇಡ, ಟಿಶ್ಯೂ ಪೇಪರ್ ಬಳಸಬೇಕು. ಬೆರಳು ಅಂಟಿಕೊಂಡರೆ ಎಳೆಯಬಾರದು, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಚ್ಚಿ ನಿಧಾನವಾಗಿ ಬಿಡಿಸಬೇಕು.

ಇಷ್ಟನ್ನು ಒಂದೇ ಪುಟದಲ್ಲಿ, ಗೋಡೆಗೆ ಅಂಟಿಸುವಂತೆ ಬರೆಯಿರಿ. ಐದು ಪುಟ ಬರೆದರೆ ಯಾರೂ ಓದಲ್ಲ.

ಒಂದು ಪೆನ್ನು ನಿಧಾನವಾಗಿ ಮಾಡುತ್ತಾ ಪಾಠ ಬರೆಯಿರಿ

ನೆನಪಿನಿಂದ ಬರೆದರೆ ಕೈಗೆ ರೂಢಿಯಾದ ಕೆಲಸಗಳು ಬಿಟ್ಟುಹೋಗುತ್ತವೆ. ಒಂದು ಪೆನ್ನನ್ನು ಸುಮ್ನೆ ಪಾಠಕ್ಕೆಂದೇ ಮಾಡಿ. ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರಲಿ. ನೀವು ಕೈ ಬದಲಾಯಿಸಿದಾಗ, ಯಂತ್ರ ನಿಲ್ಲಿಸಿದಾಗ, ಏನನ್ನೋ ಮುಟ್ಟಿ ನೋಡಿದಾಗ ‘ಈಗ ಏನು ಮಾಡಿದಿರಿ?’ ಅಂತ ಕೇಳಲಿ.

ಪ್ರತಿ ಹಂತಕ್ಕೂ ನಾಲ್ಕು ವಿಷಯ ಬೇಕು. ಏನು ಮಾಡಬೇಕು, ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ, ಎಲ್ಲಿ ನಿಲ್ಲಿಸಬೇಕು, ಏನು ಕೆಡಬಹುದು. ಹೆಚ್ಚಿನ ಪಾಠಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಹೊಸಬರು ಒದ್ದಾಡುವುದು ಮೂರನೆಯದರಲ್ಲಿ. ಸ್ಲಿಮ್‌ಲೈನ್ ಪೆನ್ನಿಗೆ ನಾನಾದರೆ ಹೀಗೆ ಬರೆಯುತ್ತೇನೆ. ಇದನ್ನು ಮಾದರಿಯಾಗಿಟ್ಟುಕೊಂಡು ನಿಮ್ಮ ಸಲಕರಣೆಗೆ ಹೊಂದಿಸಿಕೊಳ್ಳಿ.

ಮರ ಕತ್ತರಿಸುವುದು: ಮುಕ್ಕಾಲು ಇಂಚು ಚೌಕದ, 5 ಇಂಚು ಉದ್ದದ ಒಣಗಿದ ತುಂಡು ತೆಗೆದುಕೊಳ್ಳಿ. ಕತ್ತರಿಸುವ ಮೊದಲೇ ನಡುವೆ ಪೆನ್ಸಿಲಿನಿಂದ ಒಂದು ಗುರುತು, ಅದರ ಎರಡೂ ಕಡೆ ಬಾಣ ಹಾಕಿ. ಪೆನ್ನು ಕಟ್ಟಿದ ಮೇಲೆ ಮೇಲಿನ ಮರದ ಗೆರೆ ಕೆಳಗಿನದಕ್ಕೆ ಕೂಡಬೇಕಾದರೆ ಇದು ಬೇಕು. ಹಿತ್ತಾಳೆ ಕೊಳವೆಯನ್ನು ಪಕ್ಕದಲ್ಲಿಟ್ಟು, ಅದಕ್ಕಿಂತ 3 ಮಿ.ಮೀ. ಉದ್ದ ಬಿಟ್ಟು ಪ್ರತಿ ತುಂಡನ್ನೂ ಕತ್ತರಿಸಿ. ತೂತು ಕೊರೆಯುವಾಗ ಆಚೆ ತುದಿ ಸಿಡಿಯುವ ಮರವಾದರೆ ಇನ್ನೂ ಉದ್ದ ಬಿಟ್ಟು, ಕೊರೆದಾದ ಮೇಲೆ ಸಿಡಿದ ಭಾಗ ತೆಗೆಯಿರಿ.

ತೂತು: ಡ್ರಿಲ್ಲಿಂಗ್ ಮಷಿನ್ನಿನ ವೈಸ್‌ನಲ್ಲಿ ತುಂಡು ನೇರವಾಗಿ ನಿಲ್ಲಬೇಕು, ಮೂಲೆಮಟ್ಟ ಇಟ್ಟು ನೋಡಿ. ವೇಗ ಕಮ್ಮಿ ಇರಲಿ, ನಿಮಿಷಕ್ಕೆ 500ರಿಂದ 1000 ಸುತ್ತು. ಅರ್ಧ ಇಂಚು ಇಳಿದ ಕೂಡಲೇ ಬಿಟ್ಟನ್ನು ಮೇಲೆತ್ತಿ ಪುಡಿ ತೆಗೆಯಿರಿ. ಪುಡಿ ಒಳಗೇ ಉಳಿದರೆ ಬಿಟ್ ಕಾಯುತ್ತದೆ, ಮರ ಒಳಗಿನಿಂದ ಬಿರಿಯುತ್ತದೆ. ಸುಟ್ಟ ವಾಸನೆ ಬಂದರೆ ತಡವಾಯಿತು ಅಂತಲೇ ಅರ್ಥ.

ಕೊಳವೆ ಅಂಟಿಸುವುದು: ಹೊಳೆಯುವ ಹಿತ್ತಾಳೆಗೆ ಅಂಟು ಕೂರಲ್ಲ. 120ರ ಸ್ಯಾಂಡ್‌ಪೇಪರಿನಲ್ಲಿ ಮೈ ತರಚಿ. ಕೊಳವೆಯ ತುದಿಯನ್ನು ಹಸಿ ಆಲೂಗಡ್ಡೆ ಬಿಲ್ಲೆಗೆ ಒತ್ತಿದರೆ ಬಾಯಿಗೆ ಚೆನ್ನಾಗಿ ಬಿರಡೆ ಬೀಳುತ್ತದೆ, ಅಂಟು ಒಳಗೆ ಹೋಗಲ್ಲ. ಚಿಂತಾಮಣಿ ಕಡೆಯವರಿಗೆ ಆಲೂಗಡ್ಡೆ ಎಲ್ಲಿ ಸಿಗುತ್ತದೆ ಅಂತ ಹೇಳಬೇಕಾಗಿಲ್ಲ. ಹೊಸಬರಿಗೆ ಅರಾಲ್ಡೈಟ್ ಥರದ ಎರಡು ಟ್ಯೂಬಿನ ಅಂಟೇ ಒಳ್ಳೆಯದು. ಫೆವಿಕ್ವಿಕ್ ಅರ್ಧ ದಾರಿಯಲ್ಲೇ ಹಿಡಿದುಬಿಡುತ್ತದೆ, ಆಮೇಲೆ ಕೊಳವೆ ಹಿಂದೆಯೂ ಬರಲ್ಲ ಮುಂದೆಯೂ ಹೋಗಲ್ಲ. ತಿರುಗಿಸುತ್ತಾ ಒಳಗೆ ತಳ್ಳಿ. ಎರಡೂ ತುದಿಯಲ್ಲಿ ಮರ ಸ್ವಲ್ಪ ಹೊರಗೆ ಉಳಿಯಲಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗಿನ ಆಲೂಗಡ್ಡೆ ಚುಚ್ಚಿ ತೆಗೆಯುವುದನ್ನು ಮರೆಯಬಾರದು ಅಂತ ಬರೆಯಿರಿ.

ತುದಿ ಚೌಕ ಮಾಡುವುದು: ಬ್ಯಾರೆಲ್ ಟ್ರಿಮ್ಮರ್ ಅನ್ನುವ ಹಲ್ಲಿನ ಕಟರಿನಿಂದ ಮರದ ತುದಿಯನ್ನು ಕೊಳವೆಯ ಮಟ್ಟಕ್ಕೆ ತರಬೇಕು. ಎಲ್ಲಿ ನಿಲ್ಲಿಸಬೇಕು? ಹಿತ್ತಾಳೆಯ ಅಂಚು ಸುತ್ತಲೂ ಫಳಫಳ ಅಂದ ಕೂಡಲೇ. ಅದಕ್ಕಿಂತ ಮುಂದೆ ಹೋದರೆ ಕೊಳವೆ ಗಿಡ್ಡವಾಗುತ್ತದೆ, ಕೊನೆಗೆ ರೀಫಿಲ್ಲಿನ ಮೂತಿ ಒಳಕ್ಕೆ ಹೋಗದೆ ಹೊರಗೇ ಉಳಿಯುತ್ತದೆ. ಈ ಹಂತದ ಹತ್ತಿರದ ಫೋಟೊ ಮೂರು ಬೇಕು: ಸಾಲದು, ಸರಿ, ಜಾಸ್ತಿ.

ಕಡೆಯುವುದು: ತುಂಡುಗಳನ್ನು ಬುಶ್‌ಗಳ (ಪೆನ್ನಿನ ದಪ್ಪಕ್ಕೆ ಅಳತೆಯಾಗುವ ಲೋಹದ ಬಳೆ) ಜೊತೆ ಮ್ಯಾಂಡ್ರೆಲ್‌ಗೆ (ತುಂಡು ಪೋಣಿಸುವ ಸರಳು) ಏರಿಸಿ. ನಟ್ಟನ್ನು ಬೆರಳಲ್ಲಿ ಬಿಗಿ ಮಾಡಿದರೆ ಸಾಕು. ಸರಳಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕನ್ನು ಮುಟ್ಟುವಷ್ಟೇ ತನ್ನಿ. ಇಲ್ಲಿ ಜೋರು ಮಾಡಿದರೆ ಸಣ್ಣ ಸರಳು ಬಿಲ್ಲಿನಂತೆ ಬಾಗುತ್ತದೆ, ಪೆನ್ನು ಮೊಟ್ಟೆಯಾಕಾರ ಆಗುತ್ತದೆ. ಒಂದು ಕಡೆ ಬುಶ್‌ಗೆ ಸಮ, ಇನ್ನೊಂದು ಕಡೆ ಮೆಟ್ಟಿಲು ಬಂದರೆ ಮೊದಲು ಈ ಬಿಗಿತವನ್ನೇ ಅನುಮಾನಿಸಿ. ಟರ್ನರ್‌ಗಳಿಗೆ ಬರೆಯುವ ಪುಟದಲ್ಲಿ ಇದನ್ನು ಎರಡು ಸಲ ಬರೆಯಿರಿ, ಬಿಗಿ ಮಾಡುವುದು ಅವರ ಕೈಗೆ ಅಂಟಿದ ಅಭ್ಯಾಸ.

ಯಂತ್ರ ಹಾಕುವ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮೂಲೆಗಳು ಟೂಲ್‌ರೆಸ್ಟ್‌ಗೆ (ಉಳಿ ಆನಿಸುವ ಪಟ್ಟಿ) ತಾಗುತ್ತವಾ ನೋಡಿ. ಚೌಕ ಹೋಗುವವರೆಗೆ 1500 ಸುತ್ತಿನ ಸುಮಾರಿನಲ್ಲಿ, ಗುಂಡಗಾದ ಮೇಲೆ 2000ದಿಂದ 2500. ಉಳಿ ಚೂಪಾಗಿದ್ದರೆ ಸಿಪ್ಪೆ ಎಳೆಯೆಳೆಯಾಗಿ ಬರುತ್ತದೆ. ಬರೀ ಪುಡಿ ಬಂದರೆ ಉಳಿ ಮೊಂಡಾಗಿದೆ, ನಿಲ್ಲಿಸಿ ಸಾಣೆ ಹಿಡಿಯಿರಿ. ಮೊಂಡ ಉಳಿ ಒತ್ತಿದಾಗಲೇ ಮರದ ಚಕ್ಕೆ ಎದ್ದು ಹಿತ್ತಾಳೆ ಬಯಲಾಗುವುದು. ಕೊನೆಯ ಅರ್ಧ ಮಿಲಿಮೀಟರ್ ಇರುವಾಗ ಉಳಿ ಕೆಳಗಿಡಿ, ವರ್ನಿಯರ್ ತಗೊಳ್ಳಿ. ಬುಶ್ಶನ್ನು ಉಳಿಯಿಂದಲೂ ಸ್ಯಾಂಡ್‌ಪೇಪರಿನಿಂದಲೂ ಉಜ್ಜುತ್ತಾ ಹೋದರೆ ಅದೂ ಸವೆಯುತ್ತದೆ, ಮುಂದಿನ ಪೆನ್ನಿನ ಅಳತೆ ತಪ್ಪುತ್ತದೆ. ಹೊಸದಿದ್ದಾಗಲೇ ಬುಶ್ ಅಳೆದು ಬರೆದಿಟ್ಟುಕೊಂಡರೆ ಕೊನೆಗೆ ಕಣ್ಣಂದಾಜು ಬೇಕಾಗಲ್ಲ.

ಉಜ್ಜುವುದು: ಟೂಲ್‌ರೆಸ್ಟ್ ಪೂರ್ತಿ ತೆಗೆದುಬಿಡಿ. ವೇಗ 1000ಕ್ಕೆ ಇಳಿಸಿ. 150, 220, 320, 400, 600 ಹೀಗೆ ಒಂದೊಂದೇ. ಪ್ರತಿ ಕಾಗದ ಮುಗಿದ ಮೇಲೆ ಯಂತ್ರ ನಿಲ್ಲಿಸಿ, ಅದೇ ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಿ. ಉಂಗುರದಂಥ ಗೆರೆ ಹೋಗುವುದು ಹೀಗೇ. ಕಾಗದ ಹಿಡಿದ ಬೆರಳಿಗೆ ಬಿಸಿ ತಾಗಿದರೆ ಮರಕ್ಕೂ ಜಾಸ್ತಿಯಾಗಿದೆ ಅಂತ ತಿಳಿಯಬೇಕು, ಸಣ್ಣ ಬಿರುಕು ಬರುವುದು ಇಲ್ಲೇ.

ಪಾಲಿಶ್: ಫೆವಿಕ್ವಿಕ್ ಥರದ ಅಂಟನ್ನು ಪದರ ಪದರವಾಗಿ ಹಚ್ಚಿದರೆ ಗಾಜಿನಂಥ, ಗಟ್ಟಿ ಹೊಳಪು ಬರುತ್ತದೆ. ಆದರೆ ಮೊದಲ ಪೆನ್ನಿಗೆ ಬೇಡ. ಬುಶ್ ಮರಕ್ಕೆ ಅಂಟಿಕೊಳ್ಳುತ್ತದೆ, ಮಂಜು ಕವಿದ ಹಾಗೆ ಬಿಳಿಯಾಗುತ್ತದೆ, ಹೊಸಬರಿಗೆ ತಲೆಬಿಸಿ. ಬಡಗಿಗಳು ಬಳಸುವ ಅರಗಿನ ಫ್ರೆಂಚ್ ಪಾಲಿಶ್ ಎರಡು ತೆಳು ಕೈ ಹಚ್ಚಿ, ಮೇಲೆ ಮೇಣ ತಿಕ್ಕಿದರೆ ಸಾಕು. ಕೈ ಬೆವರಿಗೆ ಅದು ಬೇಗ ಮಾಸುತ್ತದೆ ಅನ್ನುವುದನ್ನೂ ಹೇಳಿಬಿಡಿ, ಮಾಸಿದರೆ ಮತ್ತೆ ಹಚ್ಚಬಹುದು. ಚನ್ನಪಟ್ಟಣದವರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೇ ಒತ್ತಿ, ಆ ಬಿಸಿಗೆ ಕರಗಿಸಿ ಬಣ್ಣ ಕೂರಿಸುತ್ತಾರಲ್ಲ, ಅದೂ ಪೆನ್ನಿಗೆ ಒಗ್ಗುತ್ತದೆ. ಆದರೆ ಅದು ಬೇರೆಯದೇ ಪಾಠ.

ಕಟ್ಟುವುದು: ವೈಸ್‌ನ ಬಾಯಿಗೆ ಎರಡು ಮರದ ಚಕ್ಕೆ ಇಟ್ಟರೆ ಅದೇ ಪ್ರೆಸ್. ಮೊದಲು ಕೆಳಗಿನ ತುಂಡಿಗೆ ಮೂತಿ. ಆಮೇಲೆ ಅದರ ಇನ್ನೊಂದು ಬಾಯಿಗೆ, ತಿರುಗಿಸಿದಾಗ ರೀಫಿಲ್ಲನ್ನು ಒಳಗೆ ಹೊರಗೆ ಮಾಡುವ ಭಾಗದ ಹಿತ್ತಾಳೆ ತುದಿ. ಸ್ಲಿಮ್‌ಲೈನ್‌ನಲ್ಲಿ ಕೈ ತಪ್ಪುವ ಜಾಗ ಇದೇ. ಅದರ ಮೇಲಿರುವ ಗೆರೆಗಿಂತ ಸ್ವಲ್ಪ ಹಿಂದೆಯೇ ನಿಲ್ಲಿಸಿ, ರೀಫಿಲ್ ಹಾಕಿ ತಿರುಗಿಸಿ ನೋಡಿ, ಮತ್ತೆ ಒಂದು ಕೂದಲೆಳೆ ಒತ್ತಿ, ಮತ್ತೆ ನೋಡಿ. ಜಾಸ್ತಿ ಒಳಗೆ ಹೋದರೆ ಮರಕ್ಕೆ ಪೆಟ್ಟಾಗದಂತೆ ಹೊರಗೆ ತೆಗೆಯುವುದು ಕಷ್ಟ. ಮೇಲಿನ ತುಂಡಿಗೆ ಕ್ಲಿಪ್ ಮತ್ತು ತಲೆ ಒತ್ತಿ, ನಡುವಿನ ಉಂಗುರ ಹಾಕಿ, ಮರದ ಗೆರೆ ಕೂಡಿಸಿ ಸೇರಿಸಿದರೆ ಪೆನ್ನಾಯಿತು.

ಲೇತ್ ಇಲ್ಲದವರಿಗೆ ಏನು ಹೇಳುವುದು

‘ಮೊದಲು ಲೇತ್ ತಗೊಳ್ಳಿ’ ಅಂತ ಶುರುವಾಗುವ ಪಾಠವನ್ನು ಅರ್ಧದಷ್ಟು ಜನ ಅಲ್ಲೇ ಮುಚ್ಚುತ್ತಾರೆ. ಎರವಲು ದಾರಿಗಳನ್ನು ಬರೆಯಿರಿ. ಊರಿನ ಕಡೆತದ ಬಡಗಿಯ ಲೇತ್‌ಗೆ ಮೋರ್ಸ್ ಟೇಪರ್ ತೂತು (ಮ್ಯಾಂಡ್ರೆಲ್ ಕೂರಿಸುವ ಇಳಿಜಾರಿನ ತೂತು) ಇಲ್ಲದಿರಬಹುದು. ಇದ್ದರೆ ಅದು ಒಂದನೇ ಅಳತೆಯದಾ ಎರಡನೆಯದಾ ಅಂತ ನೋಡಿಯೇ ಮ್ಯಾಂಡ್ರೆಲ್ ತರಿಸಬೇಕು. ಕಬ್ಬಿಣದ ಲೇತ್ ಸಿಕ್ಕರೂ ಆಗುತ್ತದೆ: ನೇರ ಹಿಡಿಯ ಮ್ಯಾಂಡ್ರೆಲ್ಲನ್ನು ಮೂರು ದವಡೆಯ ಚಕ್‌ಗೆ ಕೊಟ್ಟು, ಟೂಲ್‌ಪೋಸ್ಟ್‌ನಲ್ಲಿ ಚೂಪು ಟೂಲ್ ಕಟ್ಟಿ ಕಡೆಯಬಹುದು. ಶುರು ಮಾಡುವ ಮೊದಲು ಚಕ್ ಬಿಗಿ ಮಾಡುವ ಕೀ ತೆಗೆದಿದ್ದಾರಾ ನೋಡಿ, ಎಣ್ಣೆ ಒರೆಸಿ. ಎಣ್ಣೆ ಕಲೆ ಹಿಡಿದ ಹಲಸಿನ ಮರದ ಮೇಲೆ ಯಾವ ಪಾಲಿಶೂ ಚೆನ್ನಾಗಿ ಕೂರಲ್ಲ. ಮರದ ಧೂಳು ಎಣ್ಣೆ ಜೊತೆ ಸೇರಿದರೆ ಯಂತ್ರಕ್ಕೂ ಒಳ್ಳೆಯದಲ್ಲ, ಮುಗಿದ ಮೇಲೆ ಪೂರ್ತಿ ಒರೆಸಿ ಕೊಡಬೇಕು. ಆಯುಧಪೂಜೆಗೆ ತೊಳೆದಿಟ್ಟ ಯಂತ್ರವನ್ನು ಮಾರನೇ ದಿನ ಧೂಳು ಮಾಡಿಟ್ಟರೆ ಮತ್ತೆ ಯಾರು ಕೊಡುತ್ತಾರೆ?

ಮರದ ಪಟ್ಟಿ ನಮ್ಮ ತೋಟದ್ದಿರಲಿ

ಪಾಠದ ಅತಿ ಖುಷಿಯ ಪುಟ ಇದು. ಪೆನ್ನಿಗೆ ಬೇಕಾಗುವ ಮರ ಒಂದು ಗೇಣಿಗಿಂತ ಕಮ್ಮಿ. ಸೌದೆಗೆ ಹೋಗುವ ತುಂಡೂ ಸಾಕು.

ಮೊದಲ ಪೆನ್ನಿಗೆ ನನ್ನ ಓಟು ಹಲಸಿಗೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಸಿದ್ದು ಹಲಸು ಹೆಸರು ಮಾಡಿದೆ. ಹಣ್ಣಿನ ಮಾತು ಬಿಡಿ, ಮರವೂ ಕಡೆಯಲು ಬಲು ಸಲೀಸು. ಹಳದಿ ಬಣ್ಣ ಬೆಳಕಿಗೆ ಬರಬರುತ್ತಾ ಕಂದಾಗುತ್ತದೆ. ಹೊಸಬರಿಗೆ ಇದನ್ನು ಮೊದಲೇ ಹೇಳದಿದ್ದರೆ ಪಾಲಿಶ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಯವರ ಹತ್ತಿರ ಮರವಾಗಿ ಬೆಳೆದ ಹಿಪ್ಪುನೇರಳೆ ಇದ್ದರೆ ಅದೂ ಹೀಗೇ ಹಳದಿಯಿಂದ ಕಂದಿಗೆ ತಿರುಗುತ್ತದೆ, ಚೆನ್ನಾಗಿ ಕಡೆಯಬಹುದು. ಶ್ರೀನಿವಾಸಪುರದಲ್ಲಿ ಹಳೇ ಮಾವಿನ ತೋಪು ಕಡಿದಾಗ ಸಿಗುವ ಮಾವಿನ ಮರಕ್ಕೆ ಕೆಲವು ಸಲ ಬೂಷ್ಟು ಹಿಡಿದು ಕಪ್ಪು ಗೆರೆ ಓಡಿರುತ್ತದೆ. ಪೆನ್ನಿನಲ್ಲಿ ಅದೇ ಅಂದ. ಗಟ್ಟಿ ಇರುವ ಭಾಗ ಆರಿಸಿ, ಮೆತ್ತಗಾದದ್ದು ಬೇಡ.

ಹುಣಸೆ ತುಮಕೂರಿನವರ ಹೆಮ್ಮೆ, ಆದರೆ ಗಟ್ಟಿ ಮರ, ಉಳಿಗೆ ಆಗಾಗ ಸಾಣೆ ಕೇಳುತ್ತದೆ. ಅದರ ಒಳಗಿನ ಕಪ್ಪು ಚೇಗು ಸಿಕ್ಕರೆ ಎತ್ತಿಟ್ಟುಕೊಳ್ಳಿ, ಮೂರನೇ ನಾಲ್ಕನೇ ಪೆನ್ನಿಗೆ ಬರಲಿ. ತಿಪಟೂರಿನವರು ತೆಂಗಿನ ಮರದಲ್ಲೇ ಮಾಡುತ್ತೇವೆ ಅಂತ ಹಟ ಹಿಡಿಯುತ್ತಾರೆ. ಚುಕ್ಕೆ ಚುಕ್ಕೆ ಮೈ ನೋಡಲು ಬಹಳ ಚೆಂದ, ಒಪ್ಪುತ್ತೇನೆ. ಆದರೆ ಎಳೆ ಕಿತ್ತು ಬರುತ್ತದೆ, ಉಳಿಯನ್ನು ಬೇಗ ಮೊಂಡು ಮಾಡುತ್ತದೆ. ಫೆವಿಕ್ವಿಕ್ ಥರದ, ನೀರಿನಂಥ ತೆಳು ಅಂಟು ಕುಡಿಸಿ ಗಟ್ಟಿ ಮಾಡಿಕೊಂಡೇ ಕಡೆಯಬೇಕು. ಮೊದಲ ಪೆನ್ನಿಗೆ ಖಂಡಿತ ಬೇಡ.

ಹಸಿ ಮರದ ವಿಷಯ ಬಿಡಿಸಿ ಬರೆಯಿರಿ. ಮರ ಒಣಗುತ್ತಾ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗಲ್ಲ. ಆಗ ಮರ ಸೀಳಲೇಬೇಕು. ತುಂಡಿನ ಎರಡು ತುದಿಗೆ ಮೇಣ ಇಲ್ಲವೇ ಫೆವಿಕಾಲ್ ಬಳಿದು ನೆರಳಲ್ಲಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತಾರೀಖು ಮತ್ತು ಗ್ರಾಂ ಎರಡನ್ನೂ ಮರದ ಮೇಲೇ ಬರೆಯಿರಿ. ಕೆಲವು ವಾರ ತೂಕ ಇಳಿಯದೆ ನಿಂತರೆ ಮರ ತಯಾರು.

ಏನನ್ನು ಬಳಸಬಾರದು ಅನ್ನುವುದೂ ಇದೇ ಪುಟದಲ್ಲಿ ಬರಲಿ. ಜಿಂಕೆ, ಕಡವೆ ಕೊಂಬು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಜ್ಜನ ಕಾಲದಿಂದ ಗೋಡೆಯಲ್ಲಿ ನೇತಾಡುತ್ತಿತ್ತು ಅನ್ನುವ ಮಾತು ನಡೆಯಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ವಿಚಾರ ಎಷ್ಟು ದೂರ ಹೋಯಿತು ನೆನಪಿದೆ ಅಲ್ವಾ? ಆಂಧ್ರದ ಗಡಿಯಲ್ಲಿರುವ ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಯಾರಾದರೂ ರಕ್ತಚಂದನದ ತುಂಡು ಕೊಡುತ್ತೇನೆ ಅನ್ನಬಹುದು. ಗಂಧದ ಮಾತೂ ಅಷ್ಟೆ. ದಾಖಲೆ ಇಲ್ಲದ ಮರವನ್ನು ಮುಟ್ಟಬೇಡಿ ಅಂತ ನೇರವಾಗಿ ಬರೆಯಿರಿ. ಬೀಟೆ ಬೇಕಾದರೆ ಪೀಠೋಪಕರಣದವರ ಹತ್ತಿರ ಬಿಲ್ ಸಮೇತ ಚೂರು ತಗೊಳ್ಳಲಿ.

ಕೆಟ್ಟ ಪೆನ್ನುಗಳನ್ನು ಎಸೆಯಬೇಡಿ

ಗುಂಪಿನ ಎಲ್ಲರಿಂದಲೂ ಹಾಳಾದ ತುಂಡು ಕೇಳಿ ತೆಗೆದುಕೊಂಡು ಒಂದು ಡಬ್ಬಿಯಲ್ಲಿಡಿ. ಚಕ್ಕೆ ಎದ್ದದ್ದು, ಮೊಟ್ಟೆಯಾದದ್ದು, ಬಿರುಕು ಬಿಟ್ಟದ್ದು, ಕ್ಲಿಪ್ ಹತ್ತಿರ ಸಂದು ಉಳಿದದ್ದು. ಒಂದೊಂದನ್ನೂ ಬಿಳಿ ಹಾಳೆ ಮೇಲಿಟ್ಟು, ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಕೆಳಗೆ ಎರಡೇ ಸಾಲು: ಯಾಕಾಯಿತು, ಮುಂದಿನ ಸಲ ಏನು ಮಾಡಬೇಕು. ಸಂದು ಉಳಿದರೆ ತುದಿ ಚೌಕವಾಗಿರಲಿಲ್ಲ. ಕೊಳವೆ ಒಳಗೇ ತಿರುಗಿದರೆ ಅಂಟು ಎಲ್ಲ ಕಡೆ ಹರಡಿರಲಿಲ್ಲ, ಇಲ್ಲವೇ ಹಿತ್ತಾಳೆ ತರಚಿರಲಿಲ್ಲ. ತಿಂಗಳಾದ ಮೇಲೆ ಉದ್ದಕ್ಕೆ ಸೀಳಿದರೆ ಮರ ಹಸಿ ಇತ್ತು.

ನನ್ನ ಅಭಿಪ್ರಾಯದಲ್ಲಿ ಚೆಂದದ ಪೆನ್ನಿನ ಫೋಟೊಗಿಂತ ಈ ಡಬ್ಬಿ ಹೊಸಬರನ್ನು ಜಾಸ್ತಿ ದಿನ ಉಳಿಸಿಕೊಳ್ಳುತ್ತದೆ. ಕೆಟ್ಟಿದ್ದು ತಮ್ಮ ಪೆನ್ನೊಂದೇ ಅಲ್ಲ ಅಂತ ಗೊತ್ತಾಗುತ್ತದೆ.

ವಿಡಿಯೊ

ಒಂದು ಹಂತಕ್ಕೆ ಒಂದು, ಎರಡು ನಿಮಿಷದೊಳಗೆ. ಮೊಬೈಲನ್ನು ಎದುರಿಗಿಡಬೇಡಿ, ಕಡೆಯುವವರ ಭುಜದ ಮೇಲಿನಿಂದ ಹಿಡಿಯಿರಿ. ನೋಡುವವರಿಗೆ ತಮ್ಮ ಕೈಯೇ ಕಂಡಂತೆ ಇರಬೇಕು. ಹಾಡು ಹಾಕಬೇಡಿ. ಚೂಪು ಉಳಿಯ ಸದ್ದು, ಮೊಂಡ ಉಳಿಯ ಸದ್ದು ಬೇರೆ ಬೇರೆ, ಆ ಸದ್ದೂ ಪಾಠವೇ. ಯಂತ್ರ ಓಡುವಾಗ ಮಾತಾಡಿದರೆ ಏನೂ ಕೇಳಿಸಲ್ಲ, ಮಾತು ಮೊದಲೇ ಆಗಲಿ. ಕ್ಯಾಮೆರಾ ಇದೆ ಅಂತ ಮುಖದ ಗುರಾಣಿ ತೆಗೆಯುವವರಿದ್ದಾರೆ, ಅಂಥ ವಿಡಿಯೊ ಹಂಚಬೇಡಿ.

ಹೊಸಬರ ಕೈಗೆ ಕೊಟ್ಟು ನೋಡಿ

ಪಾಠ ಬರೆದಾಯಿತು ಅಂದರೆ ಮುಗಿಯಲಿಲ್ಲ. ಲೇತ್ ಮುಟ್ಟಿಯೇ ಇಲ್ಲದ ಒಬ್ಬರನ್ನು ಕೂರಿಸಿ, ಹಾಳೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ನಿಲ್ಲಿ. ಅಪಾಯ ಕಂಡರೆ ಮಾತ್ರ ಯಂತ್ರ ನಿಲ್ಲಿಸಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ. ಎಲ್ಲಿ ವಾಕ್ಯವನ್ನು ಎರಡು ಸಲ ಓದುತ್ತಾರೋ ಅದು ಉದ್ದವಾಗಿದೆ. ಮಾತಿನಲ್ಲಿ ವಿವರಿಸಲು ಹೋಗಬೇಡಿ, ನೋಟ್ ಮಾಡಿಕೊಂಡು ಹಾಳೆಯನ್ನೇ ತಿದ್ದಿ. ಟರ್ನರ್ ಒಬ್ಬರು, ಬಡಗಿ ಒಬ್ಬರ ಕೈಗೂ ಕೊಟ್ಟು ಅವರವರ ಪುಟ ಸರಿಯಾಗಿದೆಯಾ ನೋಡಿ.

ಅಚ್ಚು ಹಾಕಿಸುವಾಗ ಪ್ರತಿ ಹಾಳೆಯ ಕೆಳಗೆ ತಿಂಗಳು, ವರ್ಷ ಹಾಕಿ. ಬೆಲೆಗಳನ್ನು ಮುಖ್ಯ ಪಾಠದಲ್ಲಿ ಬರೆಯಲೇಬೇಡಿ, ಬೇರೆ ಚೀಟಿಯಲ್ಲಿಡಿ. ಒಂದೇ ಹೆಸರಿನ ಕಿಟ್ ಬೇರೆ ಬೇರೆ ಮಾರಾಟಗಾರರಿಂದ ಬಂದಾಗ ಕೊಳವೆಯ ಉದ್ದ, ಬುಶ್ಶಿನ ಅಳತೆ ಕೂದಲೆಳೆಯಷ್ಟು ಬದಲಾಗುವುದುಂಟು. ಹೊಸ ಕಂತಿನ ಕಿಟ್ ಬಂದ ದಿನವೇ ಒಂದನ್ನು ಬಿಚ್ಚಿ, ಕೊಳವೆಯನ್ನೂ ಬುಶ್ಶನ್ನೂ ವರ್ನಿಯರ್‌ನಲ್ಲಿ ಅಳೆದು, ಹಳೇ ಹಾಳೆಯ ಅಂಕಿಗೆ ತಾಳೆ ನೋಡಿ, ಆಮೇಲೆ ಹಂಚಿ.